ಎರಡನೇ ಭಾನುವಾರ

ತಿಂಗಳ ಎರಡನೇ ಭಾನುವಾರ ಬಂತೆಂದರೆ ಹಾಸನದ ಆ ಟೀಚರ ಮನೆಯಲ್ಲಿ ಎರಡು ಚೀಲಗಳು ಸಿದ್ಧವಾಗುತ್ತಿದ್ದವು. ಒಂದರಲ್ಲಿ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಇನ್ನೊಂದರಲ್ಲಿ ಹಲ್ಲಿಲ್ಲದ ಬಾಯಿಗೂ ಆಗುವಂಥ ರವೆ ಉಂಡೆ, ಹುರಿಟ್ಟು, ಮಂಡಿನೋವಿನ ಎಣ್ಣೆ, ಒಗೆದು ಮಡಿಸಿದ ಎರಡು ಹತ್ತಿ ಸೀರೆ. ಮೊದಲನೆಯದು ಮಗಳಿಗೆ. ಎರಡನೆಯದು ತಾಯಿಗೆ.

ಮಗಳು ಶಿರಾಡಿ ಘಾಟಿಯ ಕೆಳಗೆ, ದಕ್ಷಿಣ ಕನ್ನಡದ ಒಂದು ವಸತಿ ಪದವಿಪೂರ್ವ ಕಾಲೇಜಿನಲ್ಲಿ. ತಾಯಿ ಮೈಸೂರಿನ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ. ಒಂದು ಬಸ್ಸು ಸಕಲೇಶಪುರದ ಕಡೆ ಹೋಗುತ್ತದೆ, ಇನ್ನೊಂದು ಹೊಳೆನರಸೀಪುರದ ಕಡೆ. ಹಾಸ್ಟೆಲಿನ ಫಲಕದಲ್ಲಿ ಬರೆದಿತ್ತು: ‘ಪೋಷಕರ ಭೇಟಿ, ಎರಡನೇ ಭಾನುವಾರ, 2ರಿಂದ 5.’ ವೃದ್ಧಾಶ್ರಮದ ಗೇಟಿನ ಫಲಕದಲ್ಲಿ: ‘ಬಂಧುಗಳ ಭೇಟಿ, ಎರಡನೇ ಭಾನುವಾರ, 3ರಿಂದ 5.’ ಈ ಎರಡು ಸಂಸ್ಥೆಗಳು ಒಂದನ್ನೊಂದು ಕಂಡವಲ್ಲ, ಮಾತಾಡಿಕೊಂಡವಲ್ಲ. ಆದರೂ ಒಬ್ಬ ಹೆಂಗಸಿನ ಭಾನುವಾರವನ್ನು ಎರಡೂ ಸೇರಿ ಹರಿದುಹಾಕಿದ್ದವು.

ಟೀಚರ ಗಂಡ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರು. ಭಾನುವಾರ ಅವರಿಗೆ ರಜೆ ಸಿಗುವುದು ಅಪರೂಪ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಬಸ್ಸಿನ ಟಿಕೆಟ್ಟಿಗೆ ದುಡ್ಡು ಕೊಡುವ ಹಾಗಿಲ್ಲ. “ದುಡ್ಡೇನೋ ಉಳೀತು. ದಿನ ಎಲ್ಲಿಂದ ತರೋದು?” ಎಂದು ಟೀಚರು ಗಂಡನನ್ನು ಕೇಳುತ್ತಿದ್ದರು. ಒಂದು ತಿಂಗಳು ಘಾಟಿ ಇಳಿದರೆ ಮುಂದಿನ ತಿಂಗಳು ಮೈಸೂರು. ಯಾರ ಸರದಿ ಅಲ್ಲವೋ ಅವರ ಚೀಲ ಗಂಡನ ಗೆಳೆಯ ಕಂಡಕ್ಟರೊಬ್ಬರ ಕೈಯಲ್ಲಿ ಹೋಗುತ್ತಿತ್ತು. ಅದನ್ನು ಯಾವ ದಿನ, ಯಾವ ಹೊತ್ತಿನಲ್ಲಿ ತಲುಪಿಸಿದರೂ ಗೇಟಿನವನು ತೆಗೆದುಕೊಳ್ಳುತ್ತಿದ್ದ. ಚೀಲಕ್ಕೆ ಭೇಟಿಯ ಸಮಯವಿರಲಿಲ್ಲ.

ಹಾಸ್ಟೆಲಿನಲ್ಲಿ ಓದಿದವರಿಗೆಲ್ಲ ಆ ಭಾನುವಾರ ಗೊತ್ತು. ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಕೂತರೆ ಕಣ್ಣೆಲ್ಲ ಗೇಟಿನ ಕಡೆಗೇ. ಪಕ್ಕದ ಮಂಚದವಳ ಅಪ್ಪ ಅಮ್ಮ ಬಂದರೆ ತನ್ನವರೂ ಬಂದಾರೆಂಬ ಆಸೆ. ಗಂಟೆ ನಾಲ್ಕಾದರೆ ಆಸೆ ಹೋಗಿ ಸಿಟ್ಟು. ಯಾರೂ ಬಾರದ ಹುಡುಗಿ ಆ ಹೊತ್ತನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಳೆಯುತ್ತಾಳೆ. ಕಣ್ಣು ಕೆಂಪಾದರೆ ಸೋಪಿನ ನೊರೆ ಹೋಯಿತೆಂದು ಹೇಳಬಹುದು.

ವೃದ್ಧಾಶ್ರಮದಲ್ಲೂ ನಡೆಯುವುದು ಅದೇ. ಅಲ್ಲಿಯೂ 78 ವರ್ಷದ ಅಜ್ಜಿ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಬೇರೆ ಸೀರೆ ಉಟ್ಟು ವರಾಂಡದ ಕುರ್ಚಿಯಲ್ಲಿ ಕೂರುತ್ತಿದ್ದರು. ಒಂದೇ ವ್ಯತ್ಯಾಸ. ಹಾಸ್ಟೆಲಿಗೆ ಎರಡು ವರ್ಷಕ್ಕೆ ಕೊನೆಯಿದೆ. ಪರೀಕ್ಷೆ ಮುಗಿದರೆ ಟ್ರಂಕು ಕಟ್ಟಿಕೊಂಡು ಊರಿಗೆ ಹೋಗಬಹುದು. ಅಜ್ಜಿಗೆ ಆ ಪರೀಕ್ಷೆಯೂ ಇಲ್ಲ, ಆ ರಜೆಯೂ ಇಲ್ಲ.

ಅಜ್ಜಿ ಅಲ್ಲಿ ಸೇರಿದ್ದು ಯಾರ ಕೆಟ್ಟತನದಿಂದಲೂ ಅಲ್ಲ. 2019ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಹಿಡಿದು ನಡೆಯುವಂತಾಯಿತು. ಆದರೆ ಟೀಚರ ಬಾಡಿಗೆ ಮನೆ ಮಹಡಿಯ ಮೇಲೆ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅಜ್ಜಿಯ ಕಿರಿಯ ಮಗಳು ಅಮೆರಿಕದಲ್ಲಿ ನರ್ಸ್. “ನಾನೇ ಹೋಗ್ತೀನಿ ಕಣೇ, ನೀನು ಅತ್ತು ಸಾಯಬೇಡ” ಎಂದು ಅಜ್ಜಿಯೇ ತೀರ್ಮಾನ ಹೇಳಿದರು. ಆಗ ಆಶ್ರಮದ ಗೇಟು ದಿನವೂ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ತೆರೆದಿರುತ್ತಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟರೆ ನಾಲ್ಕರ ಹೊತ್ತಿಗೆ ಟೀಚರು ತಾಯಿಯ ಮುಂದೆ ಕೂತಿರುತ್ತಿದ್ದರು.

ಆಮೇಲೆ ಬಂದದ್ದು ಕೊರೊನಾ. ದೇಶದ ಮೊದಲ ಕೊರೊನಾ ಸಾವು ವರದಿಯಾದದ್ದು ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ತೀರಿಕೊಂಡವರು 76 ವರ್ಷದ ವೃದ್ಧರು. ಅದೇ ತಿಂಗಳ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆಶ್ರಮದವರೂ ಗೇಟು ಹಾಕಿದರು. ಅದನ್ನು ಯಾರೂ ತಪ್ಪೆನ್ನಲಿಲ್ಲ. ಮುಪ್ಪಿನವರನ್ನೇ ಹುಡುಕಿ ಕೊಲ್ಲುವ ರೋಗ ಬೀದಿಯಲ್ಲಿರುವಾಗ ಬಾಗಿಲು ತೆರೆದಿಡಿ ಎನ್ನುವವರು ಯಾರು? ರೋಗ ತಗ್ಗಿದಮೇಲೆ ಹೊಸ ಫಲಕ ಬಂತು: ‘ಸದ್ಯಕ್ಕೆ ಬಂಧುಗಳ ಭೇಟಿ ಎರಡನೇ ಭಾನುವಾರ ಮಾತ್ರ.’ ವರ್ಷಗಳು ಹೋದವು. ಬಿಸಿಲಿಗೆ ‘ಸದ್ಯಕ್ಕೆ’ ಎಂಬ ಅಕ್ಷರಗಳು ಮಾಸಿದವು. ಉಳಿದದ್ದು ಉಳಿಯಿತು.

ಹುಡುಗಿ ದ್ವಿತೀಯ ಪಿಯುಸಿಗೆ ಬಂದ ವರ್ಷ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟರು. ವಿಷಯ, ಮೂಲಭೂತ ಹಕ್ಕುಗಳು. ಅವಳ ತಾಯಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರು. ಸಂವಿಧಾನದ 21ನೇ ವಿಧಿಯನ್ನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುವವರು. ಹುಡುಗಿ ಗ್ರಂಥಾಲಯದಲ್ಲಿ ಅದೇ ವಿಧಿಯ ಬಗ್ಗೆ ಓದುತ್ತಿದ್ದಾಗ 1981ರ ಒಂದು ಮೊಕದ್ದಮೆ ಕಣ್ಣಿಗೆ ಬಿತ್ತು. ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಎಂಬ ಮಹಿಳೆ ಕಳ್ಳಸಾಗಾಣಿಕೆ ತಡೆಯುವ ಕಾನೂನಿನಡಿ ದೆಹಲಿಯ ತಿಹಾರ್ ಜೈಲಿನಲ್ಲಿ ಬಂಧನದಲ್ಲಿದ್ದರು. ಆಕೆಗೆ ಐದು ವರ್ಷದ ಮಗಳು. ನಿಯಮದ ಪ್ರಕಾರ ಭೇಟಿ ತಿಂಗಳಿಗೆ ಒಂದೇ ಸಲ. ಸುಪ್ರೀಂ ಕೋರ್ಟು ಆ ನಿಯಮವನ್ನು ತಳ್ಳಿಹಾಕಿತು. ಬದುಕುವ ಹಕ್ಕೆಂದರೆ ಬರೀ ಉಸಿರಾಡುವ ಹಕ್ಕಲ್ಲ, ಮನುಷ್ಯರಂತೆ ಘನತೆಯಿಂದ ಬದುಕುವ ಹಕ್ಕು. ತನ್ನವರನ್ನು ಕಾಣುವುದೂ ಅದರಲ್ಲೇ ಸೇರಿದೆ ಎಂದಿತು. ವಿಚಾರಣೆ ಎದುರಿಸುವ ಕೈದಿಗಳಿಗಿದ್ದಂತೆ ಆಕೆಗೂ ವಾರಕ್ಕೆ ಎರಡು ಭೇಟಿ ಸಿಗಬೇಕೆಂದಿತು.

ಹುಡುಗಿ ಪುಸ್ತಕ ಮುಚ್ಚಿ ಲೆಕ್ಕ ಹಾಕಿದಳು. ಜೈಲಿನಲ್ಲಿದ್ದವರಿಗೆ ವಾರಕ್ಕೆ ಎರಡು. ಅಜ್ಜಿಗೆ ತಿಂಗಳಿಗೆ ಒಂದು. ಅದೂ ತನ್ನ ಸರದಿ ಬಂದ ತಿಂಗಳು ಅಜ್ಜಿಗೆ ಸೊನ್ನೆ.

ಆಮೇಲೆ ಅವಳಿಗೆ ಹುಡುಕುವ ಹುಚ್ಚೇ ಹಿಡಿಯಿತು. 2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆಂದು ಕೇಂದ್ರ ಸರ್ಕಾರ ಒಂದು ಕಾಯಿದೆ ಮಾಡಿದೆ. ಮಕ್ಕಳು ಜೀವನಾಂಶ ಕೊಡದಿದ್ದರೆ ಕೊಡಿಸಲು ನ್ಯಾಯಮಂಡಳಿ ಇದೆ. ಜಿಲ್ಲೆಗೊಂದಾದರೂ, ಕನಿಷ್ಠ 150 ಬಡ ವೃದ್ಧರಿಗೆ ಜಾಗವಿರುವ ವೃದ್ಧಾಶ್ರಮ ಬೇಕೆಂಬ ಮಾತೂ ಇದೆ. ಊಟ ಉಪಚಾರ, ಔಷಧಿ, ಆಸ್ತಿ ಎಲ್ಲ ಇದೆ. ಆಶ್ರಮದಲ್ಲಿರುವವರನ್ನು ಯಾರು ಬಂದು ನೋಡಬಹುದು ಎಂಬ ಮಾತು ಮಾತ್ರ ಆ ಕಾಯಿದೆಯಲ್ಲಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಅದು ಇದೆ. ಮಾನಸಿಕ ಆಸ್ಪತ್ರೆಯಲ್ಲಿ ದಾಖಲಾದವರಿಗೆ ತಮ್ಮನ್ನು ನೋಡಬಂದವರನ್ನು ಬರಮಾಡಿಕೊಳ್ಳುವ ಹಕ್ಕಿದೆ, ಬೇಡವೆನ್ನುವ ಹಕ್ಕೂ ಇದೆ ಎಂದು 26ನೇ ಕಲಮು ಹೇಳುತ್ತದೆ.

‘ಬೇಡವೆನ್ನುವ ಹಕ್ಕು’ ಎಂಬಲ್ಲಿ ಹುಡುಗಿ ನಿಂತಳು. ನೋಡಲು ಬಂದವರನ್ನು ಬೇಡವೆನ್ನುವುದೂ ಒಂದು ಹಕ್ಕೇ? ಅದನ್ನು ಕೇಳಲು ಅವಳಿಗಿದ್ದ ದಾರಿ ಅಮೆರಿಕದ ಚಿಕ್ಕಮ್ಮ. ಫ್ಲಾರಿಡಾ ರಾಜ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ. ಅಲ್ಲಿ ನರ್ಸಿಂಗ್ ಹೋಮ್ ಎಂದರೆ ಇಲ್ಲಿಯಂತೆ ಹೆರಿಗೆಯ ಆಸ್ಪತ್ರೆಯಲ್ಲ. ನಡೆಯಲಾರದ, ನೆನಪು ಹೋದ ಮುದುಕರು ವರ್ಷಗಟ್ಟಲೆ ಇರುವ ಮನೆ.

ಶನಿವಾರ ಮನೆಗೆ ಮಾತಾಡಲು ಹಾಸ್ಟೆಲಿನವರು ಫೋನು ಕೊಡುತ್ತಿದ್ದರು. ಆ ವಾರ ಅಮ್ಮನ ಪಾಲಿನ ಹತ್ತು ನಿಮಿಷ ಚಿಕ್ಕಮ್ಮನಿಗೆ ಹೋಯಿತು. ಚಿಕ್ಕಮ್ಮ ನಕ್ಕು ಹೇಳಿದಳು, “ಅದೇ ಮುಖ್ಯ ಕಣೇ. ಇಲ್ಲಿ ನಮಗೆ ಮೊದಲ ದಿನವೇ ಹೇಳಿಕೊಡೋದು ಅದನ್ನ. ಭೇಟಿ ಹಕ್ಕು ಬರೋರದ್ದಲ್ಲ, ಒಳಗಿರೋರದ್ದು.”

ಅಮೆರಿಕದಲ್ಲಿ ಆ ಕಾನೂನು ಬಂದದ್ದು 1987ರಲ್ಲಿ. ನರ್ಸಿಂಗ್ ಹೋಮುಗಳ ಸ್ಥಿತಿಯ ಬಗ್ಗೆ ಹಿಂದಿನ ವರ್ಷ ತಜ್ಞರ ಒಂದು ವರದಿ ಬಂದಿತ್ತು. ಅದರ ಆಧಾರದ ಮೇಲೆ ನಿವಾಸಿಗಳ ಹಕ್ಕುಗಳನ್ನು ಬರೆದರು. ಹತ್ತಿರದ ಬಂಧುಗಳು ಬಂದರೆ ತಕ್ಷಣ ಒಳಗೆ ಬಿಡಬೇಕು, ಆದರೆ ನಿವಾಸಿ ಬೇಡವೆಂದರೆ ಬಿಡಬಾರದು ಎಂಬುದು ಅದರಲ್ಲಿ ಒಂದು. 2016ರ ನಿಯಮಗಳು ಅದನ್ನು ಇನ್ನೂ ಬಿಡಿಸಿ ಹೇಳಿದವು: ನಿವಾಸಿ ತಾನು ಬಯಸಿದವರನ್ನು, ತಾನು ಬಯಸಿದ ಹೊತ್ತಿನಲ್ಲಿ ಬರಮಾಡಿಕೊಳ್ಳಬಹುದು. ಪಕ್ಕದ ಮಂಚದವರಿಗೆ ತೊಂದರೆಯಾಗಬಾರದು, ಅಷ್ಟೆ.

ಅಂಥ ಕಾನೂನೂ 2020ರಲ್ಲಿ ನಿಂತುಹೋಯಿತು. ಮಾರ್ಚ್ 13ರಂದು ಕೇಂದ್ರ ಸರ್ಕಾರದ ಸೂಚನೆ ಬಂತು. ಸಾವಿನ ಅಂಚಿನಲ್ಲಿರುವವರಂಥ ಪ್ರಕರಣಗಳನ್ನು ಬಿಟ್ಟು ಮಿಕ್ಕವರಿಗೆ ಭೇಟಿ ಬಂದ್. ಮಕ್ಕಳು ಹೊರಗೆ ಹೂವಿನ ಪಾತಿಯಲ್ಲಿ ನಿಂತು ಕಿಟಕಿಯ ಗಾಜಿಗೆ ಅಂಗೈ ಒತ್ತಿದರೆ, ಒಳಗಿನಿಂದ ಅಮ್ಮಂದಿರು ಅಂಗೈ ಒತ್ತುತ್ತಿದ್ದರು. ನೆನಪು ಹೋದವರಿಗೆ ಗಾಜು ಅರ್ಥವಾಗುತ್ತಿರಲಿಲ್ಲ. ಮಗ ಯಾಕೆ ಒಳಗೆ ಬರುತ್ತಿಲ್ಲ, ತನ್ನಿಂದ ಏನು ತಪ್ಪಾಯಿತು ಎಂದು ಚಿಕ್ಕಮ್ಮನನ್ನು ಕೇಳುತ್ತಿದ್ದರು. ಅವಳ ಬಳಿ ಉತ್ತರವಿರಲಿಲ್ಲ. ಆ ರಾಜ್ಯದ ಜಾಕ್ಸನ್‌ವಿಲ್ ಎಂಬ ಊರಿನಲ್ಲಿ ಮೇರಿ ಡೇನಿಯಲ್ ಎಂಬಾಕೆ ಮರೆವಿನ ರೋಗದ ಗಂಡನನ್ನು 114 ದಿನ ಮುಟ್ಟಲಾಗದೆ, ಕೊನೆಗೆ ಗಂಡನಿದ್ದ ಮನೆಯಲ್ಲೇ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದರು. ಹೆಂಡತಿಗೆ ಮುಚ್ಚಿದ್ದ ಬಾಗಿಲು ಕೆಲಸದವಳಿಗೆ ತೆರೆಯಿತು.

ಗೇಟು ಹಾಕಿದವರದ್ದೂ ಹುಡುಗಾಟವಲ್ಲ. ಅಮೆರಿಕದ ಆ ಮನೆಗಳಲ್ಲಿ ಕೊರೊನಾದಿಂದ ಸತ್ತವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಆದರೆ ರೋಗದಿಂದ ಉಳಿದವರಲ್ಲಿ ಊಟ ಬಿಟ್ಟವರಿದ್ದರು, ಮಾತು ಬಿಟ್ಟವರಿದ್ದರು. ತುತ್ತು ಕೊಡುತ್ತಿದ್ದ ಮಗಳೇ ಬಾರದಿದ್ದರೆ ಬಾಯಿ ತೆರೆಯುವುದು ಯಾರಿಗಾಗಿ? 2021ರ ನವೆಂಬರ್‌ನಲ್ಲಿ ಎಲ್ಲ ನಿವಾಸಿಗಳಿಗೂ ಎಲ್ಲ ಹೊತ್ತಿನಲ್ಲೂ ಭೇಟಿಗೆ ಅವಕಾಶ ಕೊಡಬೇಕೆಂದು ಸೂಚನೆ ಹೊರಟಿತು. ಮೇರಿ ಡೇನಿಯಲ್‌ರಂಥವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಫ್ಲಾರಿಡಾ ರಾಜ್ಯ ಹೊಸ ಕಾನೂನು ಮಾಡಿತು. ನಿವಾಸಿ ತನಗೆ ಬೇಕಾದ ಒಬ್ಬರನ್ನು ಆರೈಕೆಯವರೆಂದು ಹೆಸರಿಸಬಹುದು. ಅವರಿಗೆ ದಿನಕ್ಕೆ ಕನಿಷ್ಠ 2 ಗಂಟೆ ಭೇಟಿ ಕೊಡಲೇಬೇಕು. ಇಬ್ಬರಿಗೂ ಒಪ್ಪಿಗೆಯಿದ್ದರೆ ಮುಟ್ಟುವುದನ್ನು, ತಬ್ಬಿಕೊಳ್ಳುವುದನ್ನು ತಡೆಯಬಾರದು. ಇಂಗ್ಲೆಂಡಿನಲ್ಲೂ 2024ರ ಏಪ್ರಿಲ್‌ನಿಂದ ಆರೈಕೆ ಮನೆಗಳು ಭೇಟಿಗೆ ಅನುಕೂಲ ಮಾಡಿಕೊಡುವುದು ಕಾನೂನಿನ ಕರ್ತವ್ಯ. ತೀರ ಅಸಾಧಾರಣ ಕಾರಣವಿದ್ದರೆ ಮಾತ್ರ ತಡೆಯಬಹುದು.

“ತಬ್ಬಿಕೊಳ್ಳೋಕೆ ಕಾನೂನು ಬೇಕಾಯ್ತಲ್ಲ ಚಿಕ್ಕಮ್ಮ!” ಎಂದಳು ಹುಡುಗಿ.

“ಬೇಕಾಯ್ತು ಕಣೇ” ಎಂದಳು ಚಿಕ್ಕಮ್ಮ. ಅಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು.

ದಸರಾ ರಜೆ ಬಂತು. ಟೀಚರಿಗೂ ರಜೆ, ಹುಡುಗಿಗೂ ರಜೆ. ಒಂದು ಬುಧವಾರ ಇಬ್ಬರೂ ಮೈಸೂರಿಗೆ ಹೋದರು. ದೀಪಾಲಂಕಾರ ನೋಡುವುದು ಸಂಜೆಗೆ, ಮೊದಲು ಅಜ್ಜಿ. ಹನ್ನೊಂದು ಗಂಟೆಗೆ ಆಶ್ರಮದ ಗೇಟಿಗೆ ಬಂದರೆ ಗೇಟಿನವನು ಫಲಕ ತೋರಿಸಿದ. “ಇವತ್ತು ಭೇಟಿ ಇಲ್ಲ ಅಮ್ಮಾವ್ರೇ. ಚೀಲ ಬೇಕಾದರೆ ಕೊಡಿ, ತಲುಪಿಸ್ತೀನಿ.”

ಅದೇ ಹೊತ್ತಿಗೆ ಹಿಂದೆ ಒಂದು ಕಾರು ಬಂದು ನಿಂತಿತು. ಕೇಕಿನ ಡಬ್ಬಿ, ಬಾಳೆಹಣ್ಣಿನ ಗೊನೆ, ಹೊಸ ಅಂಗಿ ತೊಟ್ಟ ಪುಟ್ಟ ಹುಡುಗ, ಕ್ಯಾಮೆರಾ ಹಿಡಿದ ಅವನ ಮಾವ. ಗೇಟಿನವನು ಎರಡೂ ಬಾಗಿಲು ತೆರೆದು ಸಲಾಮು ಹೊಡೆದ.

“ಅವರಿಗೆ ಇವತ್ತು ಭೇಟಿ ಇದೆಯಾ?” ಎಂದಳು ಹುಡುಗಿ.

“ಅವರು ದಾನಿಗಳು ಕಣಮ್ಮ. ಮಗು ಹುಟ್ಟಿದ ಹಬ್ಬ.”

ಅದು ಅಪರೂಪವೇನಲ್ಲ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ತಿಥಿ ಎಂದು ಊರಿನವರು ವೃದ್ಧಾಶ್ರಮಕ್ಕೆ ಬಂದು ಊಟ ಹಾಕಿಸುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಅವರ ಹಣವಿಲ್ಲದೆ ಎಷ್ಟೋ ಆಶ್ರಮಗಳ ಒಲೆ ಉರಿಯುವುದಿಲ್ಲ. ಆದರೆ ಗಂಟೆ ಬಾರಿಸಿದೊಡನೆ ಎಲ್ಲರೂ ಹಾಲಿಗೆ ಬರಬೇಕು, ಸಾಲಾಗಿ ಕೂರಬೇಕು, ಚಪ್ಪಾಳೆ ತಟ್ಟಬೇಕು, ಫೋಟೋಕ್ಕೆ ನಗಬೇಕು. ಬರುತ್ತೀರಾ ಎಂದು ಅವರನ್ನು ಯಾರೂ ಕೇಳುವುದಿಲ್ಲ.

ಅಂದು ಗಂಟೆ ಬಾರಿಸಿತು. ಹಾಲಿನ ಕಡೆ ಹೊರಟವರ ಸಾಲಿನಿಂದ ಒಂದು ವಾಕರ್ ಪಕ್ಕಕ್ಕೆ ತಿರುಗಿತು. ಮೊಮ್ಮಗಳ ದನಿ ಅಜ್ಜಿಯ ಕಿವಿಗೆ ಬಿದ್ದಿತ್ತು. ಅಂಗಳ ದಾಟಿ ಗೇಟಿಗೆ ಬರುವುದಕ್ಕೆ ಅವರಿಗೆ ಐದು ನಿಮಿಷ ಹಿಡಿಯಿತು. ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಮೊಮ್ಮಗಳ ಗಲ್ಲ ಸವರಿದರು. “ಎಷ್ಟು ಸೊರಗಿದೀಯೇ. ಹಾಸ್ಟೆಲ್ನಲ್ಲಿ ಏನು ಹಾಕ್ತಾರೆ?”

ಅಜ್ಜಿಯನ್ನು ಹುಡುಕಿಕೊಂಡು ಮೇಲ್ವಿಚಾರಕರು ಬಂದರು. ನಿವೃತ್ತ ಮುಖ್ಯೋಪಾಧ್ಯಾಯರು, ಅಲ್ಲಿಯವರಿಗೆಲ್ಲ ‘ಮೇಷ್ಟ್ರು’. ಕೆಟ್ಟವರಲ್ಲ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ತಾವೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವವರು.

“ಎಲ್ಲರೂ ಕಾಯ್ತಿದಾರೆ, ಬನ್ನಿ ಅಮ್ಮಾ” ಎಂದರು.

“ಮೇಷ್ಟ್ರೇ, ಆ ಮಗು ನೂರು ವರ್ಷ ಬಾಳಲಿ. ಅದರ ಮುಖ ನಾನು ಇವತ್ತೇ ಮೊದಲು ನೋಡ್ತಿರೋದು. ಅದನ್ನ ನೋಡೋಕೆ ನಾನು ಹಾಲಿಗೆ ಬರಬೇಕು, ನನ್ನ ಮೊಮ್ಮಗಳು ಬಿಸಿಲಲ್ಲಿ ನಿಂತಿರಬೇಕು. ಇದು ಯಾವ ಲೆಕ್ಕ?”

ಮೇಷ್ಟ್ರು ಗೇಟು ತೆಗೆಸಿದರು. ಆದರೆ ತಮ್ಮ ಕಷ್ಟವನ್ನೂ ಹೇಳಿಕೊಂಡರು. ಮೂವತ್ತನಾಲ್ಕು ಜನಕ್ಕೆ ಮೂವರು ಆಯಾಗಳು. ಒಂದು ಕೋಣೆಯಲ್ಲಿ ಮೂರು ಮಂಚ. ಒಬ್ಬರ ಮಕ್ಕಳು ಬಂದು ಕೂತರೆ ಇನ್ನಿಬ್ಬರು ಸೀರೆ ಬದಲಿಸುವುದು ಹೇಗೆ? ಕಡೆಗೆ ದನಿ ತಗ್ಗಿಸಿ ಅಂದರು, “ಇನ್ನೊಂದಿದೆ. ಹತ್ತು ಹನ್ನೆರಡು ಜನಕ್ಕೆ ವರ್ಷಾನುಗಟ್ಟಲೆ ಯಾರೂ ಬಂದಿಲ್ಲ. ದಿನಾ ಒಬ್ಬರಲ್ಲ ಒಬ್ಬರ ಮಕ್ಕಳು ಬರ್ತಿದ್ರೆ ಅವರ ಮುಖ ನೋಡೋಕಾಗಲ್ಲ. ಒಂದೇ ದಿನ ಅಂದ್ರೆ ಆ ಒಂದು ದಿನ ಹೇಗೋ ಕಳೀತಾರೆ.”

ಟೀಚರಿಗೆ ಮಾತು ಹೊರಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರುವ ಹುಡುಗಿಯರನ್ನು ಕಂಡಿದ್ದ ಮೊಮ್ಮಗಳಿಗೂ ಅದು ಸುಳ್ಳೆನಿಸಲಿಲ್ಲ. ಆದರೂ ಅವಳು 21ನೇ ವಿಧಿ ಎಂದು ಶುರುಮಾಡಿದಳು. ಅಜ್ಜಿ ಕೈಯೆತ್ತಿ ತಡೆದರು.

“ಇರು ಮಗು. ಕೋರ್ಟು ಕಚೇರಿ ದೊಡ್ಡ ಮಾತು. ಮೇಷ್ಟ್ರೇ, ನನ್ನ ಮಗಳ ಮನೇಲಿದ್ದಾಗ ಬಾಗಿಲು ತಟ್ಟಿದರೆ, ಯಾರು ಅಂತ ಕೇಳಿ ತೆಗೀತಿದ್ದೆ. ಬೇಡದೋರು ಬಂದರೆ ಮಲಗಿದೀನಿ ಅನ್ನಿಸ್ತಿದ್ದೆ. ಇಲ್ಲಿಗೆ ಬಂದು ಆರು ವರ್ಷ ಆಯ್ತು. ನಿನ್ನನ್ನ ನೋಡೋಕೆ ಯಾರು ಬರಬೇಕು, ಯಾವಾಗ ಬರಬೇಕು, ಯಾರು ಬರಬಾರದು ಅಂತ ಒಂದು ದಿನ ಯಾರೂ ನನ್ನ ಕೇಳಲಿಲ್ಲ. ಇದು ನನ್ನ ಮನೆ ತಾನೇ? ದುಡ್ಡು ಕಟ್ತೀವಿ ಅಂತ ಹೇಳ್ತಿಲ್ಲ. ನಾನು ಸಾಯೋದು ಇಲ್ಲೇ, ಅದಕ್ಕೆ ಹೇಳ್ತಿದೀನಿ. ಮುಖ ನೋಡೋಕಾಗಲ್ಲ ಅಂದ್ರಲ್ಲ, ಅವರನ್ನೂ ಕೇಳಿ. ಅವರು ಏನಂತಾರೋ ನಿಮಗೆ ಗೊತ್ತಾ?”

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಅಭ್ಯಾಸವಾಗಿದ್ದ ಆ ಮನುಷ್ಯ ಈ ಒಂದು ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ.

ಮುಂದಿನ ವಾರ ಅವರು ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತಂದು, ಒಬ್ಬೊಬ್ಬರಿಗೆ ಒಂದು ಪುಟ ಬಿಟ್ಟು, ತಾವೇ ಗೆರೆ ಎಳೆದರು. ಯಾರು ಬರಬಹುದು, ಯಾವಾಗ, ಯಾರು ಬೇಡ. ಬರೆಯಲು ಬಾರದವರಿಗೆ ತಾವೇ ಕೇಳಿ ಬರೆದುಕೊಂಡರು. ಮಧ್ಯಾಹ್ನ ಮಲಗುವ ಹೊತ್ತು ಬಿಟ್ಟು, ಕೋಣೆಯ ಬದಲು ವರಾಂಡದಲ್ಲಿ ಭೇಟಿ ಎಂದಾಯಿತು. ಏಳಲಾಗದವರ ಮಂಚಕ್ಕೆ ಒಂದು ಪರದೆ ಬಂತು. ಹಾಲಿಗೆ ಬರುವುದು ಬಿಡುವುದು ಅವರವರ ಇಷ್ಟ ಎಂದು ದಾನಿಗಳಿಗೆ ಮೊದಲೇ ಹೇಳುವುದೆಂದಾಯಿತು. ಒಬ್ಬಿಬ್ಬರು ದಾನಿಗಳು ಬೇಸರಪಟ್ಟುಕೊಂಡರು. ಮಿಕ್ಕವರು ಬಂದರು.

ಯಾರೂ ಬಾರದ ಆ ಹತ್ತು ಹನ್ನೆರಡು ಜನರ ಪುಟಗಳನ್ನು ಮೇಷ್ಟ್ರು ಅಂಜುತ್ತಲೇ ತೆರೆದಿದ್ದರು. ಇಬ್ಬರು ಏನೂ ಬರೆಸಲಿಲ್ಲ. ಒಬ್ಬರು ಮಗನ ಹೆಸರನ್ನು ‘ಬೇಡ’ ಎಂಬ ಕಡೆ ಬರೆಸಿ, ಸಂಜೆ ಬಂದು ಹೊಡೆದುಹಾಕಿಸಿದರು. ಮೂಲೆಯ ಮಂಚದ ಅಜ್ಜಿಯೊಬ್ಬರು, “ಆ ಹಾಸನದ ಹುಡುಗಿ ಬಂದಾಗ ನನ್ನ ಹತ್ತಿರವೂ ಸ್ವಲ್ಪ ಕೂರಲಿ ಅಂತ ಬರಕೊಳ್ಳಿ” ಎಂದರು.

ಹಾಸ್ಟೆಲಿನ ನಿಯಮ ಬದಲಾಗಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಹುಡುಗಿಗೆ ಮೂರನೇ ಬಹುಮಾನ ಬಂತು. ವಾರ್ಡನ್‌ರನ್ನು ಕೇಳಿದ್ದಕ್ಕೆ, ನೋಡೋಣ ಎಂದರಂತೆ.

ನವೆಂಬರಿನಲ್ಲಿ ಟೀಚರು ಮೈಸೂರಿಗೆ ಹೋದಾಗ ಮೇಷ್ಟ್ರು ತಾಯಿಯ ಪುಟವನ್ನು ತೋರಿಸಿದರು. ನಡುಗುವ ಅಕ್ಷರದಲ್ಲಿ ಅಜ್ಜಿಯೇ ಬರೆದಿದ್ದರು. ಯಾರು: ‘ಮಗಳು. ಮೊಮ್ಮಗಳು. ಅಳಿಯಂದಿರಿಗೆ ರಜೆ ಸಿಕ್ಕಿದರೆ ಅವರೂ.’ ಯಾವಾಗ: ‘ಶನಿವಾರ ಶಾಲೆ ಬಿಟ್ಟ ಮೇಲೆ. ಎಷ್ಟು ಹೊತ್ತಾದರೂ ಸರಿ.’ ಬೇಡ ಎಂಬ ಕಡೆ ಹೆಸರಿರಲಿಲ್ಲ. ಒಂದು ಸಾಲು ಮಾತ್ರ ಇತ್ತು.

‘ಎರಡನೇ ಭಾನುವಾರ ಮಗಳು ಬರುವುದು ಬೇಡ. ಅವತ್ತು ಅವಳ ಮಗಳು ಗೇಟಿನ ಹತ್ತಿರ ಕಾಯುತ್ತಿರುತ್ತಾಳೆ.’